ನಮ್ಮ ಮನೆಗೆ ಬಂದಾಗ ಉಪವಾಸ

ನಮ್ಮ ಸಭೆಯಲ್ಲಿ ನನಗಿದ್ದ ಕೆಲಸ ಒಂದೇ. ಆರು ತಿಂಗಳಿಗೊಮ್ಮೆ ಮನೆಕೂಟಗಳ ಪಟ್ಟಿ ಬರೆಯುವುದು. ಪ್ರತಿ ಶುಕ್ರವಾರ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆ ನಡೆಯುತ್ತದೆ. ಯಾವ ಶುಕ್ರವಾರ ಯಾರ ಮನೆ ಎಂಬುದನ್ನು ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ ಬರೆದು ಚರ್ಚಿನ ಬಾಗಿಲ ಪಕ್ಕ ಅಂಟಿಸಬೇಕು. ನಾನು ಪಿಯುಸಿ ಮೊದಲ ವರ್ಷದಲ್ಲಿದ್ದಾಗ, ಅಕ್ಷರ ದುಂಡಗಿದೆ ಎಂದು ಪಂಚಾಕ್ಷರಪ್ಪ ಸರ್ ಆ ಕೆಲಸವನ್ನು ನನಗೆ ಒಪ್ಪಿಸಿದರು. ಅವರು ನಿವೃತ್ತ ಹೆಡ್‌ಮಾಸ್ಟರು, ಸಭೆಯ ಹಿರಿಯರು. ಅವರ ಮನೆಯ ಪಡಸಾಲೆಯಲ್ಲಿ ಅವರು ಹೇಳುತ್ತ ಹೋಗುತ್ತಿದ್ದರು, ನಾನು ಬರೆಯುತ್ತ ಹೋಗುತ್ತಿದ್ದೆ. ಮಾತನಾಡಬೇಕಾಗಿಲ್ಲದ ಕೆಲಸವಾದ್ದರಿಂದ ನನಗೆ ಅದು ಹಿಡಿಸಿತ್ತು.

ಪಟ್ಟಿಯಲ್ಲಿ ನಾಲ್ಕು ಕಾಲಂ. ತಾರೀಖು, ಮನೆ, ಬೈಬಲಿನಿಂದ ವೇದಪಾಠ ಓದುವವರು. ನಾಲ್ಕನೆಯದು ಸಣ್ಣದು, ಆ ದಿನ ಉಪವಾಸ ಪ್ರಾರ್ಥನೆಯಾದರೆ ಅಲ್ಲಿ ‘ಉ’ ಎಂದು ಬರೆಯಬೇಕು. ಉ ಇಲ್ಲದ ಮನೆಗೆ ಸಂಜೆ ಏಳಕ್ಕೆ ಹೋಗುವುದು. ಹಾಡು, ವಾಕ್ಯ, ಪ್ರಾರ್ಥನೆ, ಆಮೇಲೆ ಒಗ್ಗರಣೆ ಮಂಡಕ್ಕಿ, ಮಿರ್ಚಿ, ಚಹಾ. ಉ ಇರುವ ಮನೆಗೆ ಬೆಳಿಗ್ಗೆ ಹನ್ನೊಂದಕ್ಕೆ ಹೋಗುವುದು. ಎರಡು ಗಂಟೆಯವರೆಗೆ ಮೊಣಕಾಲೂರಿ ಪ್ರಾರ್ಥನೆ. ಅಲ್ಲಿ ಯಾರೂ ನೀರನ್ನೂ ಮುಟ್ಟುವುದಿಲ್ಲ.

ನಮ್ಮೂರು ಹರಪನಹಳ್ಳಿಯಿಂದ ಕೊಟ್ಟೂರಿಗೆ ಹೋಗುವ ದಾರಿಯಲ್ಲಿದೆ. ಸಭೆಯಲ್ಲಿ ಇಪ್ಪತ್ನಾಲ್ಕು ಮನೆಗಳು. ಹದಿನಾರು ಊರೊಳಗೆ, ಎಂಟು ನಮ್ಮ ಕೇರಿಯಲ್ಲಿ. ಊರೊಳಗಿನವರ ಮುತ್ತಜ್ಜಂದಿರೂ ನಮ್ಮ ಮುತ್ತಜ್ಜಿಯೂ ಒಂದೇ ವರ್ಷ ಒಂದೇ ಕೆರೆಯಲ್ಲಿ ದೀಕ್ಷಾಸ್ನಾನ ತೆಗೆದುಕೊಂಡರೆಂದು ಸಂಡೇ ಸ್ಕೂಲಿನಲ್ಲಿ ಹೇಳಿಕೊಟ್ಟಿದ್ದರು. ಹೇಳಿಕೊಟ್ಟವರು ಸರ್ ಅವರ ತಾಯಿ, ಗುರುಬಸಮ್ಮಜ್ಜಿ. ಸರಿಯಾಗಿ ವಾಕ್ಯ ಒಪ್ಪಿಸಿದವರಿಗೆ ಸೆರಗಿನ ಗಂಟಿನಿಂದ ಪೆಪ್ಪರಮಿಂಟು ಬಿಚ್ಚಿ ಕೊಡುತ್ತಿದ್ದರು. ನಾನು ವಾಕ್ಯ ತಪ್ಪುತ್ತಿರಲಿಲ್ಲ.

೨೦೦೩ರ ಜೂನ್‌ನಲ್ಲಿ ನನಗೆ ಹೈಸ್ಕೂಲ್ ಶಿಕ್ಷಕಿಯ ನೇಮಕದ ಆದೇಶ ಬಂತು. ಹಡಗಲಿ ತಾಲೂಕಿನ ಇಟ್ಟಿಗಿ. ಜುಲೈ ಒಂದಕ್ಕೆ ಹಾಜರಾಗಬೇಕು. ಅವ್ವ ಆದೇಶದ ಹಾಳೆಯನ್ನು ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ನೋಡಿದಳು. ಅವಳಿಗೆ ಓದು ಬರುವುದಿಲ್ಲ.

“ಈ ಸಲ ನಮ್ಮನಿ ಪಾಳಿ ಯಾವಾಗ ಐತಿ?” ಎಂದು ಕೇಳಿದಳು.

“ಇಪ್ಪತ್ತೇಳಕ್ಕ.”

“ಹಂಗಾದ್ರ ಅವತ್ತ ಕೃತಜ್ಞತಾ ಕೂಟ ಮಾಡೋಣು. ಎಲ್ಲಾರೂ ಬರಲಿ. ಉಂಡು ಹೋಗಲಿ.”

“ಮಂಡಕ್ಕಿ ಚೀಲ ತರಬೇಕೇನು ಹಂಗಾದ್ರ?” ಎಂದ ಅಪ್ಪ. ಅಪ್ಪ, ಓಬಣ್ಣ, ಹರಪನಹಳ್ಳಿಯ ಮೆಕ್ಕೆಜೋಳದ ಮಂಡಿಯಲ್ಲಿ ಹಮಾಲಿ. ಅವನ ಲೆಕ್ಕ ಎಲ್ಲ ಚೀಲದಲ್ಲೇ.

“ಮಂಡಕ್ಕಿ ಎಲ್ಲಾರ ಮನ್ಯಾಗೂ ಸಿಗತೈತಿ. ನಾ ಗೋದಿ ಹುಗ್ಗಿ ಮಾಡ್ತೀನಿ.”

ಅವಳು ಸ್ಟೂಲು ಹತ್ತಿ ಅಟ್ಟದಿಂದ ಒಂದು ಗಂಟು ಇಳಿಸಿದಳು. ಹಳೆ ಸೀರೆಯೊಳಗೆ ದೊಡ್ಡ ಸ್ಟೀಲ್ ಬೋಗುಣಿ. ಅಂಚಿನ ಮೇಲೆ ಚುಕ್ಕೆಚುಕ್ಕೆಯಾಗಿ ‘ದ್ಯಾಮಕ್ಕ ಓಬಣ್ಣ ೧೯೮೯’ ಎಂದು ಹೆಸರು ಹಾಕಿಸಿತ್ತು. ಅದರಲ್ಲಿ ಏನನ್ನಾದರೂ ಬೇಯಿಸಿದ್ದನ್ನು ನಾನು ನೋಡಿರಲಿಲ್ಲ. ಅದು ಸಭೆಯವರಿಗೆಂದು ತಂದದ್ದು, ಅದಕ್ಕೆ ಬಾಡು ತಾಗಬಾರದು ಎಂದಷ್ಟೇ ಗೊತ್ತಿತ್ತು. ಊರೊಳಗಿನವರು ಇವತ್ತಿಗೂ ಬಾಡು ತಿನ್ನುವುದಿಲ್ಲ.

“ಸರ್‌ಗೆ ಹೇಳು,” ಎಂದಳು ಅವ್ವ ಬೋಗುಣಿಯ ಧೂಳು ಒರೆಸುತ್ತ. “ಈ ಸಲ ನಮ್ಮ ಮನ್ಯಾಗ ಉಪವಾಸ ಬ್ಯಾಡ ಅಂತ.”

“ಅದನ್ನ ಹೆಂಗ ಹೇಳಾಕ ಬರತೈತಿ ಯವ್ವ? ಉಪವಾಸ ಯಾರ ಮನಿಗೆ ಬರತೈತೋ ಬರತೈತಿ.”

ಅವ್ವ ಒರೆಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. “ಬರಿಯಾಕಿ ನೀನೇ ಅಲ್ಲೇನು?”

ನಾನು ಒಳಗೆ ಹೋಗಿ ಟ್ರಂಕು ತೆಗೆದೆ. ಪಿಯುಸಿಯಿಂದ ನಾನು ದಿನಚರಿ ಬರೆಯುತ್ತ ಬಂದಿದ್ದೇನೆ. ಏಳು ವರ್ಷದ ದಿನಚರಿಗಳಿದ್ದವು. ಶುಕ್ರವಾರಗಳನ್ನಷ್ಟೇ ತಿರುವಿದೆ. “ಪಾಲಾಕ್ಷಪ್ಪನವರ ಮನೆ. ಮಿರ್ಚಿ ಖಾರ ಇತ್ತು.” “ನಮ್ಮ ಮನೆ. ಉಪವಾಸ. ಅವ್ವ ಪ್ರಾರ್ಥನೆ ಮಾಡುವಾಗ ಅತ್ತಳು.” “ಹೊನ್ನೂರಸ್ವಾಮಿ ಮಾವನ ಮನೆ. ಉಪವಾಸ. ಬಿಸಿಲು.” ಹೊನ್ನೂರಸ್ವಾಮಿ ಮಾವ ನಮ್ಮ ಪಕ್ಕದ ಮನೆಯವನು. ಏಳು ವರ್ಷದಲ್ಲಿ ನಮ್ಮ ಮನೆಗೆ ಕೂಟ ಹದಿಮೂರು ಸಲ ಬಂದಿತ್ತು. ಹದಿಮೂರೂ ಉಪವಾಸ. ಕೇರಿಯ ಬೇರೆ ಮನೆಗಳದ್ದೂ ಹಾಗೆಯೇ ಇತ್ತು, ಸ್ವಲ್ಪ ಎಣಿಸಿ ನಿಲ್ಲಿಸಿದೆ. ಶುಭ ಶುಕ್ರವಾರದ ಹಿಂದಿನ ವಾರಗಳನ್ನು ಬಿಟ್ಟರೆ ಊರೊಳಗಿನ ಒಂದು ಮನೆಯ ಮುಂದೆಯೂ ಆ ಪದ ಇರಲಿಲ್ಲ.

ಇದನ್ನೆಲ್ಲ ಬರೆದವಳು ನಾನು. ದಿನಚರಿಯಲ್ಲೂ ಪಟ್ಟಿಯಲ್ಲೂ. ಚಿಕ್ಕವರಿದ್ದಾಗ ನಾವು ಕೇರಿಯ ಮಕ್ಕಳು ಅದನ್ನೇ ದೊಡ್ಡಸ್ತಿಕೆ ಎಂದುಕೊಂಡಿದ್ದೆವು. ನಿಮ್ಮ ಕೇರಿಯವರ ಪ್ರಾರ್ಥನೆಗೆ ಬಲ ಹೆಚ್ಚು, ಅದಕ್ಕೇ ಉಪವಾಸ ಕೂಟಗಳೆಲ್ಲ ಅಲ್ಲಿ ಎಂದು ನಾನು ಪಿಯುಸಿಯಲ್ಲಿದ್ದಾಗಲೂ ಹಿಂದಿನ ಪಾಸ್ಟರು ಪೀಠದ ಮೇಲಿಂದಲೇ ಹೇಳಿದ್ದರು. ಅದೂ ದಿನಚರಿಯಲ್ಲಿತ್ತು, ಕೆಳಗೆ ಗೆರೆ ಎಳೆದಿದ್ದೆ.

ಆಗ ನನಗೆ ಸಿಟ್ಟು ಬರಲಿಲ್ಲ. ಬರಬೇಕೆಂದು ಸ್ವಲ್ಪ ಹೊತ್ತು ಕಾದೆ. ಆಮೇಲೆ ದಿನಚರಿಗಳನ್ನು ವರ್ಷದ ಪ್ರಕಾರ ಜೋಡಿಸಿ ಟ್ರಂಕು ಮುಚ್ಚಿದೆ.

ಶನಿವಾರ ಸರ್ ಅವರ ಮನೆಗೆ ಹೋದೆ. ಅವರ ಹೆಂಡತಿ ದಾಕ್ಷಾಯಣಮ್ಮ ಎಂದಿನಂತೆ ಚಹಾ ಕೊಟ್ಟರು. ಆ ಮನೆಯಲ್ಲಿ ನನ್ನನ್ನು ಯಾವತ್ತೂ ಬರಿಬಾಯಲ್ಲಿ ಕಳಿಸಿಲ್ಲ. ಗುರುಬಸಮ್ಮಜ್ಜಿ ಮಂಚದ ಮೇಲೆ ಕೂತಿದ್ದರು. ಎಂಬತ್ತು ದಾಟಿದೆ, ಸಕ್ಕರೆ ಕಾಯಿಲೆ, ಕಿವಿ ಮಂದ.

“ಯಾರದು, ಭೂಮಿಕಾನ? ನೌಕರಿ ಸಿಕ್ಕತಂತಲ್ಲವ್ವ. ಪೆಪ್ಪರಮಿಂಟು ನೀನೇ ಕೊಡಬೇಕು ಇನ್ನ,” ಎಂದರು.

ನಾನು ಲೋಟ ಕೆಳಗಿಟ್ಟು ಹೇಳಿದೆ.

“ಸರ್, ಇಪ್ಪತ್ತೇಳಕ್ಕ ನಮ್ಮ ಮನ್ಯಾಗ ಉಪವಾಸ ಬ್ಯಾಡಂತ್ರಿ. ಕೃತಜ್ಞತಾ ಕೂಟ ಅಂತ. ಅವ್ವ ಅಡಿಗಿ ಮಾಡ್ತಾಳಂತ.”

ಸರ್ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. ಅವರು ಕೆಟ್ಟವರಲ್ಲ. ನನ್ನ ಬಿ.ಎಡ್. ಅರ್ಜಿ ತುಂಬಿಸಿದವರು ಅವರೇ, ಬಳ್ಳಾರಿಗೆ ಜೊತೆಗೆ ಬಂದವರೂ ಅವರೇ.

“ನೋಡೋಣು ತಂಗಿ,” ಎಂದರು. “ಭಾನುವಾರ ಪ್ರಕಟಣಿ ಮಾಡ್ತೀನಿ.”

ದಾಕ್ಷಾಯಣಮ್ಮ ನನ್ನ ಲೋಟ ತೆಗೆದುಕೊಂಡು ಒಳಗೆ ಹೋದರು. ಹೋಗುವಾಗ ಗಂಡನ ಮುಖ ನೋಡಿದರು. ಅಷ್ಟೆ.

ಭಾನುವಾರ ಆರಾಧನೆಯ ಕೊನೆಗೆ ಸರ್ ಎದ್ದು ನಿಂತು ಓದಿದರು. ಬರುವ ಶುಕ್ರವಾರ ದ್ಯಾಮಕ್ಕ ಸಹೋದರಿಯ ಮನೆಯಲ್ಲಿ ಕೃತಜ್ಞತಾ ಕೂಟ. ಇರಾಕ್ ದೇಶದಲ್ಲಿ ಯುದ್ಧವಾಗಿ ಜನ ಕಷ್ಟದಲ್ಲಿರುವುದರಿಂದ, ಅಲ್ಲಿಯ ಸಮಾಧಾನಕ್ಕಾಗಿ ಅದೇ ದಿನ ಉಪವಾಸ ಪ್ರಾರ್ಥನೆಯೂ ಇರುತ್ತದೆ. ಹನ್ನೊಂದು ಗಂಟೆಗೆ ಸರಿಯಾಗಿ.

ಮನೆಗೆ ನಡೆದು ಬರುವಾಗ ಅಪ್ಪ ಕೇಳಿದ, “ಇರಾಕ್ ಎಲ್ಲಿ ಬರತೈತಿ?”

“ಭಾಳ ದೂರ ಅಪ್ಪ.”

“ಅಷ್ಟು ದೂರದೋರಿಗೂ ನಮ್ಮ ಹುಗ್ಗಿ ಮ್ಯಾಲೇ ಕಣ್ಣು, ನೋಡು.”

ಅವ್ವ ನಗಲಿಲ್ಲ. ಮನೆಗೆ ಬಂದವಳು ಚೀಟಿ ಬರೆಸಿದಳು. ಗೋಧಿ, ಬೆಲ್ಲ, ಒಣಕೊಬ್ಬರಿ, ಏಲಕ್ಕಿ, ತುಪ್ಪ. ಅರವತ್ತು ಮಂದಿಗೆ.

“ಉಪವಾಸ ಅಂದ್ರಲ್ಲ ಯವ್ವ.”

“ಅವರು ಅಂದ್ರು. ನಾ ಮಾಡ್ತೀನಿ.”

ಗುರುವಾರ ಮಧ್ಯಾಹ್ನ ಇಬ್ಬರೂ ಗೋಧಿ ಕುಟ್ಟಿ ಕೇರುತ್ತಿದ್ದೆವು. ನಾನು ದಿನಚರಿಯಲ್ಲಿ ಎಣಿಸಿದ್ದನ್ನು ಹೇಳಿದೆ. ಹದಿಮೂರಕ್ಕೆ ಹದಿಮೂರು ಎಂದೆ. ಅವ್ವ ಮೊರ ಕೆಳಗಿಟ್ಟಳು.

“ಅವರನ್ನ ಅನಬ್ಯಾಡ,” ಎಂದಳು. “ಮೊದಲ ಕೇಳಿದಾಕಿ ನಾನೇ.”

ನನಗೆ ಅರ್ಥವಾಗಲಿಲ್ಲ.

“ನೀ ಆಗ ಒಂಬತ್ತು ವರ್ಷದಾಕಿ. ಮೊದಲನೇ ಸಲ ನಮ್ಮ ಮನಿಗೆ ಕೂಟ ಬಂತು. ಈ ಬೋಗುಣಿ ತಂದೆ. ಹೆಸರು ಹಾಕಿಸಿದೆ. ಸಜ್ಜಿಗಿ ಮಾಡಿದೆ. ಎಲ್ಲಾರ ಮುಂದ ಇಟ್ಟೆ. ಒಬ್ಬಾಕಿ ಹಲ್ಲು ನೋವು ಅಂದ್ಲು. ಒಬ್ಬಾಕಿ ಈಗರ ಉಂಡು ಬಂದೀನಿ ಅಂದ್ಲು. ಒಬ್ರಿಗೆ ಜ್ವರ ಬಂದಿತ್ತು. ಒಬ್ಬರೂ ಮುಟ್ಟಲಿಲ್ಲ. ತಟ್ಟಿ ಹೆಂಗ ಇಟ್ಟಿದ್ನೋ ಹಂಗ ಎತ್ತಿದೆ. ಸಜ್ಜಿಗಿನ ತಿಪ್ಪಿಗೆ ಚೆಲ್ಲಿದೆ, ನಿಮ್ಮಪ್ಪ ಬೈದ. ಬೋಗುಣಿ ತಿಕ್ಕಿ ಅಟ್ಟಕ್ಕ ಹಾಕಿದೆ.”

ಅವಳು ಗೋಧಿಯಲ್ಲಿದ್ದ ಒಂದು ಕಲ್ಲು ಆರಿಸಿ ಹೊರಗೆ ಎಸೆದಳು.

“ಮುಂದಿನ ಸಲ ಪಾಸ್ಟರಮ್ಮಗ ನಾನೇ ಹೋಗಿ ಹೇಳಿದೆ. ನಮ್ಮ ಮನಿಗೆ ಬಂದಾಗ ಉಪವಾಸ ಇಡ್ರಿ ಅಮ್ಮಾರ, ನಮಗ ಆಸೆ ಐತಿ ಅಂತ. ಅವರಿಗೂ ಸುಳ್ಳು ಹೇಳೋದು ತಪ್ಪತೈತಿ, ನನಗೂ ತಟ್ಟಿ ಎತ್ತೋದು ತಪ್ಪತೈತಿ. ಪಾಸ್ಟರಮ್ಮ ನನ್ನ ತಲಿ ಮ್ಯಾಲೆ ಕೈ ಇಟ್ಟು ಪ್ರಾರ್ಥನಿ ಮಾಡಿದ್ರು. ನನ್ನ ನೋಡಿ ಕೇರ್ಯಾಗ ಎಲ್ಲಾರೂ ಹಂಗ ಅಂದ್ರು. ಆಮ್ಯಾಲೆ ಯಾರೂ ಕೇಳೋದೇ ಬೇಕಾಗಲಿಲ್ಲ. ತಾನಾಗೇ ಆತು.”

“ಮತ್ತ ಈಗ ಯಾಕ ಬ್ಯಾಡ ಅಂತೀ?”

“ನಾನೇ ಇಟ್ಟಿದ್ದು. ನಾನೇ ತೆಗಿಬೇಕು. ನೀ ಹೋದ ಮ್ಯಾಲೆ ಯಾರ ಹೆಸರಲೆ ಕರೀಲಿ?”

ಶುಕ್ರವಾರ ಹನ್ನೊಂದಕ್ಕೆ ಮೊದಲೇ ಎಲ್ಲರೂ ಬಂದರು. ಚರ್ಚಿನ ಜಮಖಾನ ಹಾಸಿತ್ತು. ಊರೊಳಗಿನ ಹೆಂಗಸರು ಕಿಟಕಿಯ ಕಡೆ, ಕೇರಿಯವರು ಒಲೆಯ ಕಡೆ. ಯಾರೂ ಹಾಗೆ ಕೂರಿಸಿರಲಿಲ್ಲ. ಬೋಗುಣಿ ಒಲೆಯ ಪಕ್ಕ ಇತ್ತು, ಮೇಲೆ ತಟ್ಟೆ ಮುಚ್ಚಿತ್ತು. ಬೆಲ್ಲದ ವಾಸನೆ ಮನೆಯಲ್ಲೆಲ್ಲ ಇತ್ತು, ಆದರೆ ಅದರ ಬಗ್ಗೆ ಒಬ್ಬರೂ ಮಾತೆತ್ತಲಿಲ್ಲ. ಹೊಸ ಪಾಸ್ಟರಿಗೆ ಒಂದೇ ಕುರ್ಚಿ. ಅವರು ಗದಗಿನ ಕಡೆಯವರು, ಬಂದು ನಾಲ್ಕು ತಿಂಗಳಾಗಿತ್ತು. ನನಗಿಂತ ಬಹಳ ದೊಡ್ಡವರೇನಲ್ಲ.

ಹಾಡಾಯಿತು. ಇರಾಕಿಗಾಗಿ ಪ್ರಾರ್ಥನೆಯಾಯಿತು. ನನಗಾಗಿಯೂ ಆಯಿತು, ನನ್ನ ಹೆಸರು ಬಂದಾಗ ಎಲ್ಲರೂ ಆಮೆನ್ ಎಂದರು. ಹನ್ನೆರಡೂವರೆಯ ಹೊತ್ತಿಗೆ ಗುರುಬಸಮ್ಮಜ್ಜಿ ನಡುಗತೊಡಗಿದರು. ಹಣೆಯ ಮೇಲೆ ಬೆವರು. ಹೊಟ್ಟೆ ಖಾಲಿಯಾದರೆ ಅವರ ಸಕ್ಕರೆ ಇಳಿಯುತ್ತಿತ್ತು. ದಾಕ್ಷಾಯಣಮ್ಮ ಗಾಬರಿಯಾಗಲಿಲ್ಲ. ವ್ಯಾನಿಟಿ ಬ್ಯಾಗಿನಿಂದ ಗ್ಲುಕೋಸ್ ಬಿಸ್ಕೀಟಿನ ಪೊಟ್ಟಣ ತೆಗೆದು, ಒಂದನ್ನು ಮುರಿದು ಅತ್ತೆಯ ಬಾಯಿಗಿಟ್ಟರು. ಪೊಟ್ಟಣ ಮೊದಲೇ ಅರ್ಧ ಖಾಲಿಯಾಗಿತ್ತು.

ಅವ್ವ ಎದ್ದಳು. ಬೋಗುಣಿಯ ಮುಚ್ಚಳ ತೆಗೆದು, ಸಣ್ಣ ತಟ್ಟೆಗೆ ಎರಡು ಸೌಟು ಹುಗ್ಗಿ ಹಾಕಿ, ತುಪ್ಪ ಬಿಟ್ಟು ತಂದು ಅಜ್ಜಿಯ ಮುಂದೆ ಇಟ್ಟಳು.

“ಬೆಲ್ಲ ಐತಿ ಅಜ್ಜಿ. ಎರಡು ತುತ್ತು ತಗೋರಿ. ನಡುಕ ನಿಲ್ಲತೈತಿ.”

“ಬ್ಯಾಡ ದ್ಯಾಮಕ್ಕ,” ಎಂದರು ದಾಕ್ಷಾಯಣಮ್ಮ ಮೆಲ್ಲಗೆ. “ಉಪವಾಸ ಮುರಿಬಾರದು.”

“ಮುರದೈತಲ್ರಿ ಅಮ್ಮಾರ.”

“ಬಿಸ್ಕೀಟು ಔಷಧಿ ಇದ್ದಂಗ.”

ಅಜ್ಜಿಯ ಬಾಯಲ್ಲಿ ಬಿಸ್ಕೀಟಿತ್ತು. ಅವರು ತಟ್ಟೆ ನೋಡಿದರು, ಅವ್ವನ ಮುಖ ನೋಡಿದರು. ಅವರ ಕೈ ತಟ್ಟೆಯ ಕಡೆ ಬಂತೋ, ಬರಿ ನಡುಗಿತೋ ನನಗೆ ಹೇಳಲು ಬರುವುದಿಲ್ಲ. ಸೊಸೆ ಆ ಕೈ ಹಿಡಿದು ಮಡಿಲಲ್ಲಿಟ್ಟು, ಇನ್ನೊಂದು ಬಿಸ್ಕೀಟು ಮುರಿದರು. ತಟ್ಟೆ ಅಲ್ಲೇ ಇತ್ತು. ಹುಗ್ಗಿ ನಿಧಾನಕ್ಕೆ ಆರಿತು.

ವೇದಪಾಠ ನನ್ನದಿತ್ತು. ದೇವರಿಗೆ ಮೆಚ್ಚುಗೆಯಾದ ಉಪವಾಸ ಯಾವುದು ಎಂಬ ಭಾಗವನ್ನು ಸರ್ ಗುರುತು ಹಾಕಿ ಕೊಟ್ಟಿದ್ದರು. ನಾನು ಎದ್ದು ನಿಂತು ಆ ಪುಟ ದಾಟಿಸಿ ಬೇರೆ ಕಡೆ ತೆರೆದೆ. ಮೊದಲೇ ಅಂದುಕೊಂಡಿದ್ದಲ್ಲ. ಬೇರೆ ಕುಲದವರ ಜೊತೆ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದ ಅಪೊಸ್ತಲನೊಬ್ಬ, ತನ್ನ ಕಡೆಯ ಜನ ಊರಿಗೆ ಬಂದ ಕೂಡಲೇ ಅಂಜಿ ದೂರ ಸರಿದ ಪ್ರಸಂಗ ಅದು. ಇನ್ನೊಬ್ಬ ಅಪೊಸ್ತಲ ಎಲ್ಲರೆದುರು ಅವನ ಮುಖಕ್ಕೇ ಹೇಳುತ್ತಾನೆ, ನೀನು ನಡೆಯುತ್ತಿರುವುದು ಸುವಾರ್ತೆಗೆ ಸರಿಯಾಗಿಲ್ಲ ಎಂದು. ನಾನು ಮುಖಕ್ಕೆ ಯಾರಿಗೂ ಏನೂ ಹೇಳಲಿಲ್ಲ. ತಲೆ ಎತ್ತದೆ ಓದಿದೆ. ನನ್ನ ದನಿ ನನಗೆ ಪಕ್ಕದ ಮನೆಯಿಂದ ಬಂದಂತೆ ಕೇಳುತ್ತಿತ್ತು. ಓದಿ ಕೂತೆ.

“ಪಾಠ ಬ್ಯಾರೆ ಇತ್ತಲ್ಲವ್ವ,” ಎಂದರು ಸರ್.

“ಹೌದ್ರಿ ಸರ್.”

ಪಾಸ್ಟರು ಬೋಧನೆ ಮಾಡಲಿಲ್ಲ. ಸಣ್ಣ ಪ್ರಾರ್ಥನೆ ಮಾಡಿ ಮುಗಿಸಿದರು. ಎರಡು ಗಂಟೆಗೆ ಇನ್ನೂ ಮುಕ್ಕಾಲು ತಾಸಿತ್ತು.

ಅವ್ವ ಬಾಗಿಲಲ್ಲಿ ಹುಗ್ಗಿ ಹಾಕಿದ ತಟ್ಟೆಗಳನ್ನು ಹಿಡಿದು ನಿಂತಳು. ಊರೊಳಗಿನವರು ಒಬ್ಬೊಬ್ಬರೇ ಅವಳ ಕೈ ಮುಟ್ಟಿ, ದೇವರು ಒಳ್ಳೇದು ಮಾಡಲಿ ಎಂದು ಚಪ್ಪಲಿ ಮೆಟ್ಟಿದರು. ಅವರು ಉಪವಾಸ ಬಿಡುವುದು ಯಾವಾಗಲೂ ಸರ್ ಅವರ ಮನೆಯಲ್ಲಿ, ಚಿತ್ರಾನ್ನ ಅಲ್ಲಿ ತಯಾರಿರುತ್ತದೆ. ಕೊನೆಗೆ ಬಂದ ಪಾಸ್ಟರು ಅವ್ವನ ಕೈಯಿಂದ ತಟ್ಟೆ ತೆಗೆದುಕೊಂಡರು. ಅಂಗಳದಲ್ಲಿ ಸರ್ ಕಾಯುತ್ತ ನಿಂತಿದ್ದರು. ಪಾಸ್ಟರು ಅತ್ತ ನೋಡಿದರು, ತಟ್ಟೆಯನ್ನು ಕಟ್ಟೆಯ ಮೇಲೆ ಇಟ್ಟರು.

“ನಾಳೆ ಬರ್ತೀನವ್ವ,” ಎಂದರು.

ಉಳಿದದ್ದು ಎಂಟು ಮನೆಯವರು. ನಾವು ಉಂಡೆವು. ಹುಗ್ಗಿ ಚೆನ್ನಾಗಿತ್ತು. ಹೊನ್ನೂರಸ್ವಾಮಿ ಮಾವ ಮೂರು ಸಲ ಹಾಕಿಸಿಕೊಂಡು, “ಅರವತ್ತು ಮಂದಿದು ಇಪ್ಪತ್ತು ಮಂದಿ ತಿನ್ನೋದಂದ್ರ ಹಮಾಲಿ ಕೆಲಸನ ಬಿಡು,” ಎಂದ. ಅಪ್ಪ, “ಇರಾಕ್‌ಗೆ ಸಮಾಧಾನ ಆಗೈತಿ,” ಎಂದ. ಎಲ್ಲರೂ ನಕ್ಕರು. ಅವ್ವ ಗುರುಬಸಮ್ಮಜ್ಜಿಯ ಮುಂದಿಟ್ಟಿದ್ದ ಆ ಸಣ್ಣ ತಟ್ಟೆಯನ್ನು ತಾನೇ ತೆಗೆದುಕೊಂಡು ಉಂಡಳು.

ಮರುದಿನ ಬೆಳಿಗ್ಗೆ ಪಾಸ್ಟರು ನಿಜವಾಗಿಯೂ ಬಂದರು. ಕೇರಿಯ ಮುಂದಿನ ದಾರಿಯಿಂದಲ್ಲ, ಹಿಂದಿನ ಹೊಲದ ಬದುವಿನಿಂದ. ಒಲೆಯ ಪಕ್ಕ ಕೂತು, ಬಿಸಿ ಮಾಡಿದ ಹುಗ್ಗಿಯನ್ನು ತಲೆ ಬಗ್ಗಿಸಿ ಉಂಡರು. ಎರಡನೇ ಸಲವೂ ಹಾಕಿಸಿಕೊಂಡರು. “ನಿನ್ನೆ ನೀವು ಓದಿದ್ದು ನನಗಂತ ತಿಳೀತ್ರಿ,” ಎಂದರು ನನಗೆ. ನಾನು ನೀರು ಕೊಟ್ಟೆ. ಅವರು ಬಂದ ದಾರಿಯಲ್ಲೇ ಹೋದರು.

ಅವ್ವ ಖಾಲಿ ತಟ್ಟೆ ನೋಡುತ್ತ ಕೇಳಿದಳು, “ಒಬ್ಬರೇ ಬಂದು ಉಂಡು ಹೋದ್ರ ಉಂಡಂಗಾತೇನು?”

ನಾನು ತಟ್ಟೆ ತೊಳೆಯಲು ಎತ್ತಿಕೊಂಡೆ.

ಸಂಜೆ ಹೊಸ ಪಟ್ಟಿ ಬರೆಯಬೇಕಿತ್ತು, ಜುಲೈಯಿಂದ ಡಿಸೆಂಬರ್‌ವರೆಗೆ. ಸರ್ ಅವರ ಪಡಸಾಲೆಯಲ್ಲಿ ಹಾಳೆ ಹಾಸಿಕೊಂಡು ಸ್ಕೇಲಿನಿಂದ ಗೆರೆ ಎಳೆದೆ. ದಾಕ್ಷಾಯಣಮ್ಮ ಚಹಾ ತಂದಿಟ್ಟರು. ಗುರುಬಸಮ್ಮಜ್ಜಿ ಗೋಡೆಯ ಕಡೆ ತಿರುಗಿ ಮಲಗಿದ್ದರು. ಅವತ್ತು ಅವರು ಯಾರದು ಎಂದು ಕೇಳಲಿಲ್ಲ. ಸರ್ ಕನ್ನಡಕ ಏರಿಸಿ ಹೇಳತೊಡಗಿದರು. ನಾಲ್ಕನೇ ತಾರೀಖು, ಪಾಲಾಕ್ಷಪ್ಪನವರ ಮನೆ. ಹನ್ನೊಂದು, ಜಂಬಣ್ಣನವರ ಮನೆ. ಹದಿನೆಂಟು, ಹೊನ್ನೂರಸ್ವಾಮಿ ಮನೆ.

“ಉ,” ಎಂದರು.

ನಾನು ಪೆನ್ನು ಎತ್ತಿ ಹಿಡಿದೆ. ಅವರು ಬಗ್ಗಿ ಹಾಳೆ ನೋಡಿದರು.

“ಒಂದು ಕಾಲಂ ಬಿಟ್ಟಿಯಲ್ಲ ತಂಗಿ.”

“ಹೌದ್ರಿ ಸರ್.”

“ಮರ್ತೆಯೇನು?”

“ಇಲ್ರಿ. ನಾ ಅದನ್ನ ಬರಿಯಂಗಿಲ್ರಿ.”

ದಾಕ್ಷಾಯಣಮ್ಮ ಬಾಗಿಲಲ್ಲಿ ನಿಂತಿದ್ದರು.

“ನಿಮ್ಮವ್ವನೇ ಮೊದಲ ಕೇಳಿದ್ದು, ಗೊತ್ತೈತೇನು ನಿನಗ?” ಎಂದರು ಸರ್. ದನಿಯಲ್ಲಿ ಸಿಟ್ಟಿರಲಿಲ್ಲ. ಯಾರಾದರೂ ಕೇಳಲಿ ಎಂದು ಎಷ್ಟೋ ವರ್ಷದಿಂದ ಇಟ್ಟುಕೊಂಡಿದ್ದ ಉತ್ತರದಂತಿತ್ತು.

“ಗೊತ್ತೈತ್ರಿ. ಈಗ ಆಕಿನೇ ಬ್ಯಾಡ ಅಂದಾಳ್ರಿ.”

ಉಳಿದ ಮೂರು ಕಾಲಂಗಳನ್ನು ಕೊನೆಯವರೆಗೂ ಬರೆದುಕೊಟ್ಟೆ. ಅಕ್ಷರ ಎಲ್ಲೂ ಕೆಡಲಿಲ್ಲ. ಚಹಾ ಕುಡಿದೆನೋ ಇಲ್ಲವೋ ನೆನಪಿಲ್ಲ. ಅವತ್ತಿನ ದಿನಚರಿಯಲ್ಲಿ ಅದನ್ನು ಬರೆದಿಲ್ಲ.

ಭಾನುವಾರ ನಾನೂ ಅವ್ವನೂ ಚರ್ಚಿಗೆ ಹೋದಾಗ ಪಟ್ಟಿ ಬಾಗಿಲ ಪಕ್ಕ ಅಂಟಿಸಿತ್ತು. ಬಲಗಡೆಯ ಅಂಚಿನಲ್ಲಿ ನೀಲಿ ಪೆನ್ನಿನಿಂದ ಕೈಯಲ್ಲೇ ಎಳೆದ ಒಂದು ಗೆರೆ ಇತ್ತು, ಕೆಳಗೆ ಬರುತ್ತ ಸೊಟ್ಟಗಾಗಿತ್ತು. ಅದರಾಚೆ ಇಕ್ಕಟ್ಟಿನಲ್ಲಿ, ಎಂಟು ಮನೆಗಳ ಮುಂದೆ ಎಂಟು ಉ.

ಅವ್ವ ಪಟ್ಟಿಯ ಮುಂದೆ ನಿಂತಳು.

“ನಮ್ಮ ಮನಿ ಎಲ್ಲೈತಿ?”

ನಾನು ಬೆರಳಿಟ್ಟು ತೋರಿಸಿದೆ. ಡಿಸೆಂಬರ್ ಐದು.

“ಅದರ ಮುಂದ ಏನು ಬರದೈತಿ?”

“ಉಪವಾಸ ಅಂತ.”

ಅವಳು ಆ ಅಕ್ಷರವನ್ನು ಹತ್ತಿರದಿಂದ ನೋಡಿದಳು. ಪಕ್ಕದಲ್ಲಿದ್ದ ನನ್ನ ಅಕ್ಷರಗಳನ್ನೂ ನೋಡಿದಳು.

“ಇದು ನಿಂದಲ್ಲಲ್ಲ?”

“ನಂದಲ್ಲ. ಸರ್ ಅವರದು.”

“ಹಂಗಾದ್ರ ಸರಿ,” ಎಂದಳು. ತಲೆಯ ಮೇಲೆ ಸೆರಗು ಹೊದ್ದು ಒಳಗೆ ಹೋದಳು. ಯಾವಾಗಲೂ ಕೂರುವ ಗೋಡೆಯ ಪಕ್ಕದ ಜಾಗ ದಾಟಿ, ಕಿಟಕಿಯ ಕಡೆ ದಾಕ್ಷಾಯಣಮ್ಮನ ಪಕ್ಕದಲ್ಲಿ ಖಾಲಿ ಇದ್ದಲ್ಲಿ ಕೂತಳು. ಹಾಡು ಶುರುವಾಗಿತ್ತು. ದಾಕ್ಷಾಯಣಮ್ಮ ಸರಿಯಲಿಲ್ಲ, ತಿರುಗಿಯೂ ನೋಡಲಿಲ್ಲ. ನಾನು ಹಿಂದೆ ನಿಂತು ಸ್ವಲ್ಪ ಹೊತ್ತು ಇಬ್ಬರ ಬೆನ್ನನ್ನೂ ನೋಡುತ್ತಿದ್ದೆ, ಆಮೇಲೆ ಹೋಗಿ ಅವ್ವನ ಪಕ್ಕ ಕೂತೆ.

ಮಂಗಳವಾರ ಬೆಳಿಗ್ಗೆ ಇಟ್ಟಿಗಿಗೆ ಹೊರಟೆ. ಅವ್ವ ಬೋಗುಣಿಯನ್ನು ಅಟ್ಟಕ್ಕೆ ಹಾಕಿರಲಿಲ್ಲ. ಅದರಲ್ಲಿ ಅನ್ನಕ್ಕೆ ಎಸರಿಟ್ಟಿದ್ದಳು.